ಒಂದೂವರೆ ಇಂಚು

ಹೆರಿಗೆ ರಜೆ ಮುಗಿಯಲು ಇನ್ನೊಂದೇ ತಿಂಗಳು.
ಟ್ರಂಕಿನಿಂದ ತೆಗೆದ ಖಾಕಿ ಅಂಗಿ
ನುಸಿಗುಳಿಗೆ ವಾಸನೆಯ ತೋಳು ಚಾಚಿತು.
ಹೊಕ್ಕೆ. ಮೂರನೆಯ ಗುಂಡಿ
ದೂರದ ತನ್ನ ಕಾಜವನ್ನು ನೋಡಿ
ಆಗದು ಎಂದಿತು.

ಹಾಸಿಗೆಯಲ್ಲಿ ಪಾಪು ಕಾಲು ಆಡಿಸುತ್ತಿತ್ತು,
ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ.

"ಹೊಟ್ಟೆ ಬಿಗಿಯಾಗಿ ಕಟ್ಟಿಸ್ಕೊಂಡಿದ್ರೆ ಹಿಂಗಾಯ್ತಿತ್ತಾ?
ಸೆಕೆ ಅಂತ ಬಿಚ್ಚಿ ಬಿಸಾಕ್ದೆ ಸೀರೇನ"
ಅಂದರು ಅತ್ತೆ ಕೆಂಚಮ್ಮ.
ಅಂದವರೇ ಅಂಟಿನುಂಡೆ ಕೈಗಿಟ್ಟರು,
ತುಪ್ಪ ಬೆರಳಿಗೆ ಇಳಿಯುವಂಥದ್ದು.
ಬೈಗುಳಕ್ಕೊಂದು ಉಂಡೆ.
ಲೆಕ್ಕ ಹಾಕಿದರೆ ನನ್ನ ಸೊಂಟದ ಸುತ್ತ
ಅವರ ಪ್ರೀತಿಯೇ ಹನ್ನೊಂದು ಕಿಲೋ.

ಹತ್ತು ದಿನ ಊಟ ಬಿಟ್ಟೆ, ಯಾರಿಗೂ ಹೇಳದೆ.
ಮುದ್ದೆಯನ್ನು ಸೆರಗಿನಡಿ ಒಯ್ದು
ಹಿತ್ತಲ ನಾಯಿಗೆ ಹಾಕಿದೆ; ಅದು ದುಂಡಗಾಯಿತು.
ಬೆಳಿಗ್ಗೆ ಬಿಸಿನೀರು, ನಿಂಬೆ.
ಸಂಜೆಗೆ ಹಿಂಡಿದ ನಿಂಬೆಯಂಥ ಮುಖ.
ಹನ್ನೊಂದನೆಯ ದಿನ ಮೆಟ್ಟಿಲು
ತಾನೇ ಎದ್ದು ನನ್ನ ಕಡೆಗೆ ಬಂತು.
ಪಾಪು ಎದೆ ಕಚ್ಚಿ, ಬಿಟ್ಟು, ಮತ್ತೆ ಕಚ್ಚಿ
ಅತ್ತಿತು,
ಸ್ಟಾಪಿನಲ್ಲಿ ನಿಲ್ಲಿಸದೆ ಹೋದ ಬಸ್ಸಿನ ಹಿಂದೆ
ಕೂಗುತ್ತ ಓಡುವವರ ಹಾಗೆ.

ಅಂಗನವಾಡಿಯಲ್ಲಿ ತೂಕದ ದಿನ.
ಫಿಲೋಮಿನಾ ಸಿಸ್ಟರ್ ಕಾರ್ಡಿನಲ್ಲಿ ಚುಕ್ಕಿ ಇಟ್ಟರು.
ಅದು ಕಳೆದ ತಿಂಗಳ ಚುಕ್ಕಿಯ ನೇರಕ್ಕೇ ಕೂತಿತು,
ಮೇಲೇರಲಿಲ್ಲ.
ಅವರು ಮಗುವನ್ನು ನೋಡಲಿಲ್ಲ. ನನ್ನನ್ನು ನೋಡಿದರು.
"ಬೆಳಿಗ್ಗೆ ಏನು ತಿಂದೆ?"
ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವಳಂತೆ
ನೆಲ ನೋಡಿದೆ ನಾನು,
ಏಳು ವರ್ಷ ಸಿಕ್ಕಿಬಿದ್ದವರನ್ನೇ ನೋಡಿದವಳು.

"ಇಬ್ಬರ ಊಟ ಬೇಡ. ಅರೆಹೊಟ್ಟೆಯೂ ಬೇಡ.
ಮುದ್ದೆ ತಿನ್ನು, ಸೊಪ್ಪು, ಕಾಳು, ಬಾಯಾರುವ ಮುಂಚೆ ನೀರು.
ಸತ್ಯಮಂಗಲದ ಕೆರೆ ಏರಿ ಮೇಲೆ ನಡಿ,
ಕೆಳಹೊಟ್ಟೆ ಎಳೆದರೆ ನಿಲ್ಲು.
ತಿಂಗಳಿಗೆ ಒಂದು, ಒಂದೂವರೆ ಕಿಲೋ. ಸಾಕು.
ಯಾರ ಮದುವೆಗೆ ಹೊರಟಿದ್ದೀ ನೀನು?"

ಆ ರಾತ್ರಿ ಹಾಲೂಡುತ್ತ ನೆನಪಾದದ್ದು
ಡ್ರೈವರ್ ಬೋರಲಿಂಗಯ್ಯ.
ಧರ್ಮಸ್ಥಳದ ಗಾಡಿ ದೋಣಿಗಾಲ್ ದಾಟಿ
ಶಿರಾಡಿ ಕಡೆ ಮೂತಿ ತಗ್ಗಿಸುವಲ್ಲಿ
ಪ್ರತಿ ಸಲವೂ, ಒಂದು ಸಲವೂ ಬಿಡದೆ:
"ಹತ್ತಿದ ಗೇರಲ್ಲೇ ಇಳೀಬೇಕು ಕಣವ್ವ.
ನ್ಯೂಟ್ರಲ್‌ಗೆ ಹಾಕಿ ಜಾರಿಸ್ದೋರು
ಅಕೋ, ಅಲ್ಲವ್ರೆ."
ಕಣಿವೆಯಲ್ಲಿ ತುಕ್ಕು ಹಿಡಿದ ಲಾರಿ,
ಎಂಜಿನ್ನಿನ ಜಾಗದಲ್ಲಿ ಒಂದು ಹೊಂಗೆ ಗಿಡ.

ಕಟ್ಟಿನಕೆರೆ ಮಾರ್ಕೆಟ್ಟಿನ ಜಬೀವುಲ್ಲಾ ಸಾಬರು
ಅಂಗಿಯ ಒಳಮೈ ಹೊರಗೆ ಮಾಡಿ
ಹೊಲಿಗೆಗೆ ಮೂಗು ತಾಗಿಸಿ ನಕ್ಕರು.
"ಒಂದೂವರೆ ಇಂಚು ಒಳಗೆ ಬಿಟ್ಟೇ ಹೊಲ್ದಿದೀನಿ ತಾಯಿ.
ಹೆಣ್ಮಕ್ಕಳ ಬಟ್ಟೆ ಅಲ್ವಾ.
ಕತ್ತರಿ ಹಾಕಲ್ಲ. ಬಿಚ್ತೀನಿ ಅಷ್ಟೇ.
ಇಳಿದ ಮೇಲೆ ಬನ್ನಿ, ಹಿಡಿದು ಕೊಡ್ತೀನಿ."
ದುಡ್ಡು ಕೇಳಿದರೆ, ಆಗಲೇ ಕೊಟ್ಟಿದ್ದೀರಲ್ಲ ಎಂದರು.

ಮೊದಲ ದಿನ. ಮೊದಲ ಟ್ರಿಪ್.
ಇಳಿದದ್ದು ಒಂದೂ ಕಾಲು ಕಿಲೋ.
ಮಾಸಿದ ಖಾಕಿಯ ಎರಡು ಪಕ್ಕೆಯಲ್ಲಿ
ಇಷ್ಟು ವರ್ಷ ಬಿಸಿಲು ಕಾಣದೆ ಕೂತಿದ್ದ ಬಟ್ಟೆ
ಗಾಢವಾಗಿ ಹೊರಬಂದಿದೆ, ಪಟ್ಟೆಯಾಗಿ.
ಬಾಳ್ಳುಪೇಟೆ ಬರುವಷ್ಟರಲ್ಲಿ ಎದೆ ಬಿಗಿದು
ಪಾಪುವಿನ ಹೊತ್ತು ಹೇಳಿತು.

ಅಲ್ಲಿ ಹತ್ತಿದ ಅಜ್ಜಿ ನನ್ನ ಹೊಟ್ಟೆ ನೋಡಿ
ಸರಿದು ಜಾಗ ಮಾಡಿದಳು.
"ಎಷ್ಟನೇ ತಿಂಗಳವ್ವಾ? ಕೂತ್ಕೋ."
"ಆಗಿ ಆರು ತಿಂಗಳಾಯ್ತಜ್ಜಿ."
ಅಜ್ಜಿ ನಾಲಿಗೆ ಕಚ್ಚಿಕೊಂಡಳು.
ಸೊನ್ನೆ ಟಿಕೆಟ್ ಹರಿದು ಕೊಟ್ಟೆ.
ಕೂತೆ ಕೂಡ, ಎರಡು ನಿಮಿಷ;
ಡಬ್ಬಿಯ ಮೊಳಕೆ ಹೆಸರುಕಾಳು
ಅವಳಿಗೊಂದು ಹಿಡಿ, ನನಗೊಂದು.

ಮುಂದೆ ದೋಣಿಗಾಲ್.
ಬೋರಲಿಂಗಯ್ಯನ ಕೈ ಗೇರಿನ ಮೇಲೆ.
ಕನ್ನಡಿಯಲ್ಲಿ ನನ್ನನ್ನು ಹುಡುಕಿ
ಇನ್ನೇನು ಬಾಯಿ ತೆರೆಯಬೇಕು,
"ಗೊತ್ತಣ್ಣ" ಅಂದೆ.